ಎಣ್ಣೆ ಹೊಡೆಯುವ ಮುಂಚೆ ಬುಡ ನೋಡಿ: ಜಪಾನಿನ ಬೆಳೆ ರಕ್ಷಣೆ ಬಗ್ಗೆ ಓದುಗರ ಪ್ರಶ್ನೆಗಳು

ಜಪಾನಿನ ರೈತರು ಹುಳು, ರೋಗ, ಕಳೆಯನ್ನು ಹೇಗೆ ಹಿಡಿತದಲ್ಲಿ ಇಡುತ್ತಾರೆ ಎಂದು ಕೇಳಿ ಈ ಸಲ ತುಂಬಾ ಪತ್ರಗಳು ಬಂದಿವೆ. ಹೆಚ್ಚಿನವು ತುಂಗಭದ್ರಾ ಕಾಲುವೆ ಕೆಳಗಿನ ಊರುಗಳಿಂದ, ಒಂದೆರಡು ಒಣ ಭೂಮಿ ಕಡೆಯಿಂದ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ.

ನಮ್ಮದು ಎಂಟು ಎಕರೆ ಸೋನಾ ಮಸೂರಿ. ತೆನೆ ಬರುವ ಹೊತ್ತಿಗೆ ಕಂದು ಜಿಗಿಹುಳು (ನಮ್ಮ ಕ್ಯಾಂಪಿನಲ್ಲಿ ದೋಮ ಅನ್ನುತ್ತಾರೆ) ಬಿದ್ದು ಗದ್ದೆ ನಡುವೆ ಸುಟ್ಟ ಹಾಗೆ ಆಗುತ್ತದೆ. ಐದಾರು ಸಲ ಎಣ್ಣೆ (ಕೀಟನಾಶಕ) ಹೊಡೆದರೂ ನಿಲ್ಲುತ್ತಿಲ್ಲ. ಜಪಾನಿನವರು ಇದಕ್ಕೆ ಏನು ಹೊಡೆಯುತ್ತಾರೆ ಸರ್?
*ಓದುಗರು, ಕಾರಟಗಿ*

ಅವರಿಗೂ ಇದು ಹಳೇ ಶತ್ರು. 1732ರಲ್ಲಿ ಪಶ್ಚಿಮ ಜಪಾನಿನಲ್ಲಿ ಜಿಗಿಹುಳು ಬಿದ್ದು ಭತ್ತ ಹೋಗಿ ದೊಡ್ಡ ಬರಗಾಲವೇ ಬಂತು. ಆ ಕಾಲದಲ್ಲಿ ಗದ್ದೆಯ ನೀರಿನ ಮೇಲೆ ತಿಮಿಂಗಿಲದ ಎಣ್ಣೆ ಚೆಲ್ಲಿ, ಪೈರು ಬಡಿದು ಹುಳ ಬೀಳಿಸಿ ಸಾಯಿಸುತ್ತಿದ್ದರು. ರಾತ್ರಿ ಪಂಜು ಹಿಡಿದು ಸದ್ದು ಮಾಡುತ್ತಾ ಹುಳವನ್ನು ಊರಾಚೆ ಕಳಿಸುವ ಆಚರಣೆಯೂ ಇತ್ತು, ಕೆಲವು ಊರುಗಳಲ್ಲಿ ಅದು ಇವತ್ತಿಗೂ ಉಳಿದಿದೆ.

ಈಗಿನ ಅವರ ಬಲ ಇರುವುದು ಔಷಧಿಯಲ್ಲಿ ಅಲ್ಲ, ಮುನ್ಸೂಚನೆಯಲ್ಲಿ. ಜಪಾನಿನ ಚಳಿಗೆ ಈ ಹುಳು ಬದುಕುವುದಿಲ್ಲ. ಪ್ರತಿ ವರ್ಷ ಜೂನ್-ಜುಲೈ ಮಳೆಗಾಲದ ಗಾಳಿಯ ಜೊತೆ ದಕ್ಷಿಣ ಚೀನಾ ಕಡೆಯಿಂದ ಸಮುದ್ರ ದಾಟಿ ಬಂದು ಇಳಿಯುತ್ತದೆ. ಅದು ಯಾವಾಗ ಇಳಿಯಿತು, ಎಷ್ಟು ಇಳಿಯಿತು ಅಂತ ದೀಪದ ಬಲೆ ಇಟ್ಟು, ಗಾಳಿಯ ಲೆಕ್ಕ ಹಾಕಿ ನೋಡುತ್ತಾರೆ. 1941ರಲ್ಲಿ ಶುರುವಾದ ಸರ್ಕಾರಿ ವ್ಯವಸ್ಥೆ ಇದು. ಒಂದೊಂದು ಪ್ರಾಂತ್ಯದಲ್ಲೂ ಇದಕ್ಕೆಂದೇ ಕಚೇರಿ ಇದೆ. ಹುಳು ಎಂದಿಗಿಂತ ಜಾಸ್ತಿ ಕಂಡರೆ ಎಚ್ಚರಿಕೆ, ತೀರಾ ಜಾಸ್ತಿ ಆದರೆ ಅದಕ್ಕೂ ಮೇಲಿನ ಎಚ್ಚರಿಕೆ, ಹೀಗೆ ಹಂತ ಹಂತವಾಗಿ ಪ್ರಕಟಿಸುತ್ತಾರೆ. ಇಷ್ಟೆಲ್ಲ ಇದ್ದೂ 2020ರಲ್ಲಿ ಪಶ್ಚಿಮ ಜಪಾನಿನಲ್ಲಿ ಬಹಳ ಗದ್ದೆಗಳು ಒಣಗಿದವು. ಅಂದರೆ ಮುನ್ಸೂಚನೆ ಇದ್ದ ಮಾತ್ರಕ್ಕೆ ಹುಳು ಬರುವುದಿಲ್ಲ ಅಂತಲ್ಲ, ಆದರೆ ಕಣ್ಣು ಮುಚ್ಚಿಕೊಂಡು ಹೊಡೆಯುವುದು ತಪ್ಪುತ್ತದೆ.

ಎಣಿಸುವ ರೀತಿ ನೋಡಿ, ಇದನ್ನು ನೀವು ನಾಳೆಯೇ ಮಾಡಬಹುದು. ಅಂಗೈಗಿಂತ ಸ್ವಲ್ಪ ದೊಡ್ಡದಾದ ಅಂಟು ಹಲಗೆಯನ್ನು ಪೈರಿನ ಬುಡಕ್ಕೆ, ನೀರಿಗೆ ತಾಗುವಷ್ಟು ಕೆಳಗೆ ಹಿಡಿಯುತ್ತಾರೆ. ಇನ್ನೊಂದು ಕೈಯಿಂದ ಬುಡವನ್ನು ಎರಡು ಮೂರು ಸಲ ತಟ್ಟುತ್ತಾರೆ. ಹುಳು ಹಲಗೆಗೆ ಅಂಟಿಕೊಳ್ಳುತ್ತವೆ: ರೆಕ್ಕೆ ಇರುವ ದೊಡ್ಡವು, ರೆಕ್ಕೆ ಗಿಡ್ಡ ಇರುವ ದಪ್ಪ ಹೊಟ್ಟೆಯ ಹೆಣ್ಣುಗಳು, ಸಾಸಿವೆಗಿಂತ ಸಣ್ಣ ಮರಿಗಳು. ರೆಕ್ಕೆ ಗಿಡ್ಡ ಇರುವ ಹೆಣ್ಣು ಕಂಡರೆ ಹುಳು ನಿಮ್ಮ ಗದ್ದೆಯಲ್ಲೇ ಮನೆ ಮಾಡಿಕೊಂಡಿದೆ, ಇನ್ನು ಬೇಗ ಹೆಚ್ಚುತ್ತದೆ ಎಂದು ತಿಳಿಯಿರಿ. ನೀವು ಹಲಗೆ ಬದಲು ಬಿಳಿ ತಟ್ಟೆಗೆ ಸ್ವಲ್ಪ ಅಡುಗೆ ಎಣ್ಣೆ ಸವರಿಕೊಂಡರೆ ಸಾಕು. ಗದ್ದೆಯ ಅಂಚಿನಲ್ಲಿ ಮಾತ್ರ ನೋಡಬೇಡಿ, ನಡುವೆ ಹೋಗಿ ಹತ್ತಿಪ್ಪತ್ತು ಕಡೆ ನೋಡಿ. ಒಂದು ಬುಡಕ್ಕೆ 10ರ ಆಸುಪಾಸು ದಾಟಿದರೆ ಔಷಧಿಯ ಯೋಚನೆ ಮಾಡಿ. ಅದರ ಒಳಗಿದ್ದು ಜೇಡ ಚೆನ್ನಾಗಿ ಕಾಣುತ್ತಿದ್ದರೆ ಮೂರ್ನಾಲ್ಕು ದಿನ ಬಿಟ್ಟು ಮತ್ತೆ ತಟ್ಟಿ ನೋಡಿ.

ಐದಾರು ಸಲ ಹೊಡೆದರೂ ಯಾಕೆ ನಿಲ್ಲುತ್ತಿಲ್ಲ ಅಂದರೆ, ಬಹುಶಃ ಹೊಡೆದಿದ್ದಕ್ಕೇ ಜಾಸ್ತಿ ಆಗಿದೆ. ಎಲೆ ಸುರುಳಿ ಹುಳು ಕಂಡ ಕೂಡಲೇ ಅಗ್ಗದ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ ಹೊಡೆದರೆ ಜೇಡ, ಜಿಗಿಹುಳುವಿನ ಮೊಟ್ಟೆ ತಿನ್ನುವ ಹಸಿರು ತಿಗಣೆ ಮೊದಲು ಸಾಯುತ್ತವೆ, ಜಿಗಿಹುಳು ಬುಡದಲ್ಲಿ ಹಾಯಾಗಿ ಉಳಿಯುತ್ತದೆ. ಇನ್ನು ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ. 2005ರ ಸುಮಾರಿಗೇ ಜಪಾನಿಗೆ ಹಾರಿ ಬರುವ ಹುಳುಗಳು ಅದಕ್ಕೆ ಜಗ್ಗದಂತಾದವು. ನಮ್ಮಲ್ಲೂ ಅದರ ಕಥೆ ಬೇರೆ ಇಲ್ಲ.

ಹುಳು ಚಳಿಗೆ ಸಾಯುವ ಅನುಕೂಲ ನಮಗಿಲ್ಲ. ಮುಂಗಾರಿಗೊಂದು, ಬೇಸಿಗೆಗೊಂದು ಭತ್ತ ಹಾಕಿದರೆ ಅದಕ್ಕೆ ವರ್ಷವಿಡೀ ಊಟ. ಹಾಗಾಗಿ ಊರಿನವರು ಆದಷ್ಟು ಒಂದೇ ಹೊತ್ತಿಗೆ ನಾಟಿ ಮಾಡಿ, ಎರಡು ಬೆಳೆ ನಡುವೆ ಗದ್ದೆ ಖಾಲಿ ಬಿಡಬೇಕು. ನಾಟಿ ಮಾಡುವಾಗ ಪ್ರತಿ 2 ಮೀಟರಿಗೆ ಒಂದಡಿ ಜಾಗ ಬಿಡಿ, ಗಾಳಿ ಬೆಳಕು ಬುಡಕ್ಕೆ ಹೋಗುತ್ತದೆ, ಹೊಡೆಯುವ ಪರಿಸ್ಥಿತಿ ಬಂದಾಗ ನಳಿಕೆಯೂ ಬುಡಕ್ಕೆ ಹೋಗುತ್ತದೆ. ಹುಳು ಏರುತ್ತಿದೆ ಅನಿಸಿದಾಗ ನೀರು ಬಸಿದು ಮೂರ್ನಾಲ್ಕು ದಿನ ಒಣ ಬಿಡಿ. ಮತ್ತೆ ಯೂರಿಯಾ. ಪಕ್ಕದ ಗದ್ದೆ ಕಪ್ಪಗೆ ಹಸಿರಾಗಿದೆ ಅಂತ ನೋಡಿ ಇನ್ನೊಂದು ಚೀಲ ಎಸೆಯುವ ಅಭ್ಯಾಸ ನಿಲ್ಲದಿದ್ದರೆ ಮೇಲೆ ಹೇಳಿದ ಯಾವುದೂ ಕೆಲಸ ಮಾಡುವುದಿಲ್ಲ, ಯಾಕೆಂದರೆ ರಸ ತುಂಬಿದ ಮೆತ್ತನೆ ಪೈರೇ ಜಿಗಿಹುಳುವಿಗೆ ಬೇಕಾಗಿರುವುದು.

ಬಾತುಕೋಳಿ ಬಿಟ್ಟು ಕಳೆ, ಹುಳು ಎರಡನ್ನೂ ಮುಗಿಸುವ ವಿಡಿಯೋ ನೋಡಿದೆ. ನಮ್ಮ ಐದು ಎಕರೆಯಲ್ಲಿ ಮಾಡಬಹುದಾ?
*ಓದುಗರು, ಸಿರುಗುಪ್ಪ*

ಮಾಡಬಹುದು, ಆದರೆ ಐದು ಎಕರೆಯಲ್ಲಿ ಶುರು ಮಾಡಬೇಡಿ. ಅರ್ಧ ಎಕರೆಯಲ್ಲಿ ನೋಡಿ.

ಫುಕುವೊಕಾ ಪ್ರಾಂತ್ಯದ ತಕಾವೊ ಫುರುನೊ ಎಂಬ ರೈತ 1988ರಲ್ಲಿ ಇದನ್ನು ಶುರು ಮಾಡಿ, ಆಮೇಲೆ ಏಷ್ಯಾದ ಬೇರೆ ದೇಶಗಳಿಗೂ ಕಲಿಸಿದರು. ನಾಟಿಯಾಗಿ ಒಂದೆರಡು ವಾರಕ್ಕೆ, ಬೇರು ಹಿಡಿದ ಮೇಲೆ, ಮರಿಗಳನ್ನು ಗದ್ದೆಗೆ ಬಿಡುತ್ತಾರೆ. ಕಾಲು ಎಕರೆಗೆ ಸುಮಾರು 15ರಿಂದ 20 ಮರಿ. ಅವು ಸಣ್ಣ ಕಳೆ ತಿನ್ನುತ್ತವೆ, ಬುಡದಲ್ಲಿರುವ ಹುಳು ಹೆಕ್ಕುತ್ತವೆ. ಅದಕ್ಕಿಂತ ಮುಖ್ಯವಾಗಿ ಇಡೀ ದಿನ ಕಾಲಾಡಿಸಿ ನೀರು ಕದಡುತ್ತವೆ, ಕೆಸರು ನೀರಿನ ಅಡಿಯಲ್ಲಿ ಬೆಳಕಿಲ್ಲದೆ ಕಳೆ ಬೀಜ ಮೊಳೆಯುವುದೇ ಕಡಿಮೆ. ಹಿಕ್ಕೆ ಗೊಬ್ಬರವಾಗುತ್ತದೆ. ಭತ್ತದ ಎಲೆ ಒರಟು, ಅದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಆದರೆ ತೆನೆ ಹೊರಟ ಕೂಡಲೇ ಹೊರಗೆ ತೆಗೆಯಲೇಬೇಕು, ಇಲ್ಲದಿದ್ದರೆ ಕಾಳು ಉಳಿಯುವುದಿಲ್ಲ.

ಕೊಯ್ಲಾದ ಗದ್ದೆಗಳಲ್ಲಿ ದೊಡ್ಡ ಹಿಂಡು ಮೇಯಿಸುವವರನ್ನು ನಮ್ಮ ಕಡೆ ನೋಡಿಯೇ ಇರುತ್ತೀರಿ. ಬಾತು ಸಾಕುವ ವಿಷಯದಲ್ಲಿ ಅವರನ್ನೇ ಕೇಳಿ, ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಇದು ಮಾತ್ರ ಅದಕ್ಕಿಂತ ಬೇರೆ, ಬೆಳೆ ನಿಂತಿರುವಾಗಲೇ ಮರಿ ಗದ್ದೆಯಲ್ಲಿ ಇರಬೇಕು. ಸುತ್ತ ಬಲೆ ಬೇಕು, ಜಪಾನಿನಲ್ಲಿ ವಿದ್ಯುತ್ ತಂತಿ ಬೇಲಿಯನ್ನೇ ಹಾಕುತ್ತಾರೆ. ನಾಯಿ, ಹದ್ದು, ಮುಂಗುಸಿ ಕಾಟ ಇದ್ದೇ ಇದೆ. ಬಾತು ಈಜುವಷ್ಟು ನೀರು ಸದಾ ನಿಂತಿರಬೇಕು, ಸರದಿ ಮೇಲೆ ನೀರು ಸಿಗುವ ಕಾಲುವೆ ಕೊನೆಯ ಗದ್ದೆಗೆ ಇದು ಕಷ್ಟ. ಎಲ್ಲಕ್ಕಿಂತ ದೊಡ್ಡ ಭಯ ಮೇಲಿನ ಗದ್ದೆಯವರು ಹರಳು ಔಷಧಿ ಹಾಕಿ ನೀರು ನಿಮ್ಮ ಕಡೆ ಬಿಡುವುದು. ಅವರ ಹತ್ತಿರ ಮೊದಲೇ ಮಾತಾಡಿಕೊಳ್ಳದೆ ಮರಿ ತರಬೇಡಿ. ದೊಡ್ಡವಾದ ಮೇಲೆ ಯಾರಿಗೆ ಮಾರುತ್ತೀರಿ ಅನ್ನುವುದೂ ಮೊದಲೇ ಗೊತ್ತಿರಲಿ.

ಒಣ ಮೆಣಸಿನಕಾಯಿ ಹಾಕಿದ್ದೇವೆ. ಮೂರ್ನಾಲ್ಕು ವರ್ಷದಿಂದ ಹೂವಿನೊಳಗೆ ಕಪ್ಪು ಥ್ರಿಪ್ಸ್ (ರಸ ಹೀರುವ ಸಣ್ಣ ಹುಳು) ಬಂದು ಹೂ ಉದುರುತ್ತಿದೆ. ವಾರಕ್ಕೆರಡು ಸಲ ಹೊಡೆದು ಸಾಲ ಆಗಿದೆ. ಔಷಧಿ ಬಿಟ್ಟು ಬೇರೆ ದಾರಿ ಇದೆಯಾ?
*ಓದುಗರು, ಮಾನ್ವಿ*

ಪೂರ್ತಿ ಬಿಟ್ಟು ಅಂತ ಹೇಳಿ ನಿಮಗೆ ಸುಳ್ಳು ಆಸೆ ಕೊಡಲಾರೆ. ಈಗ ಮಾಡುತ್ತಿರುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಸಿಂಪಡಣೆ ಬೇಡ ಅನ್ನುವುದನ್ನು ಮಾತ್ರ ಧೈರ್ಯವಾಗಿ ಹೇಳುತ್ತೇನೆ. ಥ್ರಿಪ್ಸ್ ಹೂವಿನ ಒಳಗೆ ಅಡಗಿರುತ್ತದೆ, ಔಷಧಿ ಹೊರಗೆ ಬೀಳುತ್ತದೆ. ವಾರಕ್ಕೆರಡು ಸಲ ಹೊಡೆದಾಗ ಸಾಯುವುದು ಹೆಚ್ಚಾಗಿ ಅದನ್ನು ತಿನ್ನುವ ಹುಳುಗಳು.

ಪಶ್ಚಿಮ ಜಪಾನಿನಲ್ಲಿ ಬದನೆ ಬೆಳೆಯುವವರು ಹೊಲದ ಸುತ್ತ ಏನು ಬಿತ್ತುತ್ತಾರೆ ಗೊತ್ತಾ? ಜೋಳ. ಕಾಳಿಗಾಗಿ ಅಲ್ಲ. ಬದನೆಗೂ ಥ್ರಿಪ್ಸ್‌ನದೇ ಕಾಟ. ಜೋಳದ ಗೋಡೆ ಗಾಳಿಯಲ್ಲಿ ತೇಲಿ ಬರುವ ಹುಳುವನ್ನು ಸ್ವಲ್ಪ ತಡೆಯುತ್ತದೆ. ಅದಕ್ಕಿಂತ ದೊಡ್ಡ ಉಪಯೋಗ ಬೇರೆ ಇದೆ. ಜೋಳಕ್ಕೆ ಬರುವ ಹೇನು (ಸಸ್ಯಹೇನು) ಬದನೆಗೆ ಬರುವುದಿಲ್ಲ, ಆದರೆ ಆ ಹೇನು ತಿನ್ನಲು ಗುಲಗಂಜಿ ಹುಳು, ಜೇಡ, ಒರಿಯಸ್ ಎಂಬ ಇರುವೆಯಷ್ಟು ಸಣ್ಣ ತಿಗಣೆ ಬಂದು ಅಲ್ಲೇ ಸಂಸಾರ ಮಾಡುತ್ತವೆ. ಒರಿಯಸ್ ಥ್ರಿಪ್ಸ್ ತಿನ್ನುವುದರಲ್ಲಿ ಪಳಗಿದ್ದು, ಹೂವಿನೊಳಗೂ ನುಗ್ಗುತ್ತದೆ. ಜೋಳದಲ್ಲಿ ಹೆಚ್ಚಾದ ಮೇಲೆ ಬದನೆಗೆ ದಾಟುತ್ತದೆ. ಜೋಳದ ನಾಡಿನವರಾದ ನಮಗೆ ಇದಕ್ಕಿಂತ ಸುಲಭದ್ದು ಇನ್ನೇನಿದೆ? ಮೆಣಸಿನ ಸಸಿ ಹಚ್ಚುವ ಎರಡು ಮೂರು ವಾರ ಮುಂಚೆ ಹೊಲದ ಸುತ್ತ ಎರಡು ಮೂರು ಸಾಲು ಜೋಳ ಬಿತ್ತಿ. ಅದರಲ್ಲಿ ಹೇನು ಕಂಡಿತು ಅಂತ ಎಣ್ಣೆ ಹೊಡೆಯಬೇಡಿ, ಆ ಹೇನು ಬೇಕಾಗಿಯೇ ಇರುವುದು.

ಕೋಚಿ ಪ್ರಾಂತ್ಯದ ಬದನೆ, ದೊಣ್ಣೆ ಮೆಣಸಿನ ಬೆಳೆಗಾರರು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಹಸಿರು ಮನೆಯ ಪಕ್ಕದಲ್ಲಿ ಎಳ್ಳು ಹಾಕಿ, ಅದರ ಮೇಲೆ ಬೆಳೆಯುವ ಒಂದು ಜಾತಿಯ ತಿಗಣೆಯನ್ನು ಹಿಡಿದು ಒಳಗೆ ಬಿಟ್ಟುಕೊಳ್ಳುತ್ತಾರೆ, ಅದು ಥ್ರಿಪ್ಸನ್ನೂ ಬಿಳಿ ನೊಣವನ್ನೂ ತಿನ್ನುತ್ತದೆ. ಟೊಮೆಟೊ ಇರುವವರು ಮಾತ್ರ ಇದಕ್ಕೆ ಕೈ ಹಾಕಬೇಡಿ, ಹುಳು ಖಾಲಿಯಾದರೆ ಅದೇ ತಿಗಣೆ ಟೊಮೆಟೊ ಕುಡಿಯ ರಸ ಹೀರುತ್ತದೆ.

ನೀವು ಮಾಡಬೇಕಾದ್ದು: ಸಸಿ ಮಡಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ. ಕೆಂಪು ದಾರದ ಬಲೆಗೆ ಥ್ರಿಪ್ಸ್ ಕಡಿಮೆ ಬರುತ್ತದೆ ಅಂತ ಜಪಾನಿನಲ್ಲಿ ಕಂಡುಕೊಂಡು ಈರುಳ್ಳಿ ಜಾತಿಯ ಬೆಳೆಗಳಲ್ಲೂ ಬಳಸುತ್ತಾರೆ, ಸಿಕ್ಕರೆ ಅದನ್ನೇ ತನ್ನಿ. ಹೊಲದಲ್ಲಿ ನೀಲಿ ಅಂಟು ಹಾಳೆ ಹಾಕಿ, ಅದು ಹುಳು ಬಂದಿದೆಯಾ ಅಂತ ತಿಳಿಯಲಿಕ್ಕೆ. ವಾರಕ್ಕೊಮ್ಮೆ ಬಿಳಿ ಕಾಗದದ ಮೇಲೆ ಹೂ ಕೊಡವಿ ನೋಡಿ. ಔಷಧಿ ಹೊಡೆಯಲೇಬೇಕಾದಾಗ ಹೋದ ಸಲದ ಗುಂಪಿನದ್ದನ್ನು ಮತ್ತೆ ತರಬೇಡಿ. ಅಂಗಡಿಯಲ್ಲಿ ಹೆಸರು ಬೇರೆ ಇದ್ದರೂ ಒಳಗಿನ ಔಷಧಿ ಒಂದೇ ಇರುತ್ತದೆ, ಡಬ್ಬಿ ಮೇಲಿನ ಸಣ್ಣ ಅಕ್ಷರ ಓದಿ, ಇಲ್ಲವೇ ಮಗನ ಕೈಲೋ ಮಗಳ ಕೈಲೋ ಓದಿಸಿ. ಮೂರು ನಾಲ್ಕು ಔಷಧಿ ಒಂದೇ ಟ್ಯಾಂಕಿಗೆ ಸುರಿಯುವುದು ಇವತ್ತೇ ನಿಲ್ಲಲಿ.

ಹಾಗಾದರೆ ಜಪಾನ್ ಪೂರ್ತಿ ಸಾವಯವ ದೇಶವೇ?
*ಕೃಷಿ ಡಿಪ್ಲೊಮಾ ವಿದ್ಯಾರ್ಥಿನಿ, ರಾಯಚೂರು*

ಅಲ್ಲವೇ ಅಲ್ಲ. ಹೆಕ್ಟೇರ್ ಲೆಕ್ಕದಲ್ಲಿ ನೋಡಿದರೆ ಭಾರತದ ಸರಾಸರಿಗಿಂತ ಹಲವು ಪಟ್ಟು ಜಾಸ್ತಿ ಪೀಡೆನಾಶಕ ಬಳಸುವ ದೇಶ ಅದು. ಅದಕ್ಕೆ ಕಾರಣಗಳಿವೆ: ಸೆಕೆ, ಮಳೆ, ತರಕಾರಿ-ಹಣ್ಣಿನ ತೋಟ ಜಾಸ್ತಿ, ದುಡಿಯುವವರು ವಯಸ್ಸಾದವರು. ಇದನ್ನು ತಿಳಿದೇ ಅಲ್ಲಿನ ಸರ್ಕಾರ 2021ರಲ್ಲಿ ಮಿದೋರಿ ಎಂಬ ಕಾರ್ಯತಂತ್ರ ತಂದಿತು. 2050ರೊಳಗೆ ರಾಸಾಯನಿಕ ಪೀಡೆನಾಶಕವನ್ನು ಅಪಾಯದ ತೂಕದ ಲೆಕ್ಕದಲ್ಲಿ (ಹೆಚ್ಚು ಅಪಾಯದ ಔಷಧಿಗೆ ಹೆಚ್ಚು ತೂಕ ಕೊಟ್ಟು) ಶೇ 50, ರಾಸಾಯನಿಕ ಗೊಬ್ಬರವನ್ನು ಶೇ 30 ಇಳಿಸಬೇಕು, ಸಾವಯವ ಭೂಮಿಯನ್ನು ಶೇ 25ಕ್ಕೆ ಏರಿಸಬೇಕು ಅಂತ ಗುರಿ. ಸಾವಯವ ಭೂಮಿ ಆಗ ಶೇ 1 ಕೂಡ ಇರಲಿಲ್ಲ. ಗುರಿ ಮುಟ್ಟುತ್ತಾರಾ ಎನ್ನುವುದನ್ನು ಕಾದು ನೋಡಬೇಕು.

ಆದರೆ ಅವರ ಒಂದು ಶಿಸ್ತು ನನಗೆ ತುಂಬಾ ಮೆಚ್ಚುಗೆ. ಯಾವ ಬೆಳೆಗೆ, ಎಷ್ಟು ಪ್ರಮಾಣ, ಒಂದು ಹಂಗಾಮಿಗೆ ಎಷ್ಟು ಸಲ, ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಎಂದು ಡಬ್ಬಿ ಮೇಲೆ ಬರೆದಿರುವುದನ್ನು ರೈತ ಪಾಲಿಸಲೇಬೇಕು, ಅದು ಕಾನೂನು. ಅದರ ಜೊತೆಗೆ, ಆ ಊರಿನ ವಾಡಿಕೆಗಿಂತ ಅರ್ಧಕ್ಕರ್ಧ ಕಡಿಮೆ ಸಲ ಔಷಧಿ ಬಳಸಿ, ರಾಸಾಯನಿಕ ಸಾರಜನಕವನ್ನೂ ಅರ್ಧಕ್ಕೆ ಇಳಿಸಿ ಬೆಳೆದರೆ ಅದಕ್ಕೆ ಬೇರೆ ಗುರುತಿನ ಚೀಟಿ ಅಂಟಿಸಿ ಮಾರಬಹುದು. ಪೂರ್ತಿ ಸಾವಯವಕ್ಕೆ ಹೋಗಲಾಗದ ರೈತನಿಗೂ ಒಂದು ಮೆಟ್ಟಿಲು ಸಿಕ್ಕಿತಲ್ಲ. ನಮ್ಮ ಸೋನಾ ಮಸೂರಿಗೂ ಇಂಥದ್ದೊಂದು ಬರಬೇಕು ಅನ್ನುವುದು ನನ್ನ ಬಲವಾದ ಆಸೆ.

ಭತ್ತದ ಬೆಂಕಿ ರೋಗಕ್ಕೆ (ಎಲೆ, ತೆನೆ ಸುಟ್ಟಂತಾಗುವ ಶಿಲೀಂಧ್ರ ರೋಗ) ಬೀಜದಲ್ಲೇ ಏನಾದರೂ ಮಾಡಬಹುದಾ? ಬಿಸಿ ನೀರಿನಲ್ಲಿ ಬೀಜ ಅದ್ದುತ್ತಾರಂತೆ, ಮೊಳಕೆ ಸಾಯುವುದಿಲ್ಲವೇ?
*ಓದುಗರು, ಗಂಗಾವತಿ*

ಅಳತೆ ತಪ್ಪಿದರೆ ಸಾಯುತ್ತದೆ. ಅಳತೆ ಇದು: ಚೆನ್ನಾಗಿ ಒಣಗಿದ ಬೀಜ, 60 ಡಿಗ್ರಿ ನೀರು, 10 ನಿಮಿಷ, ತೆಗೆದ ತಕ್ಷಣ ತಣ್ಣೀರು. ಬೀಜದ ಜೊತೆ ಬರುವ ಬೆಂಕಿ ರೋಗ, ಸಸಿ ಉದ್ದುದ್ದ ಬೆಳೆದು ಬಿಳಿಚಿಕೊಂಡು ಸಾಯುವ ಬಕಾನೆ ರೋಗ ಎರಡಕ್ಕೂ ಇದು ಕೆಲಸ ಮಾಡುತ್ತದೆ. ಅಂದಹಾಗೆ ನಮ್ಮ ದ್ರಾಕ್ಷಿ ಬೆಳೆಗಾರರು ಗೊಂಚಲಿಗೆ ಬಳಸುವ ಜಿಬ್ಬರೆಲಿಕ್ ಆಮ್ಲ ಇದೇ ಬಕಾನೆ ಶಿಲೀಂಧ್ರದಿಂದ ಸಿಕ್ಕಿದ್ದು. ಸಸಿ ಯಾಕೆ ಹೀಗೆ ಉದ್ದ ಆಗುತ್ತದೆ ಎಂದು ಹುಡುಕುತ್ತಾ 1926ರಲ್ಲಿ ಜಪಾನಿನ ಕುರೊಸಾವಾ ಎಂಬ ವಿಜ್ಞಾನಿ ಅದರ ಜಾಡು ಹಿಡಿದರು.

ಬೀಜವನ್ನು ತೆಳು ಬಲೆ ಚೀಲದಲ್ಲಿ ಸಡಿಲವಾಗಿ ಹಾಕಿ, ದೊಡ್ಡ ಪಾತ್ರೆ ತಗೊಳ್ಳಿ. ಬೀಜ ಇಳಿಸಿದ ಕೂಡಲೇ ನೀರಿನ ಬಿಸಿ ಇಳಿಯುತ್ತದೆ, ಹಾಗಾಗಿ ಥರ್ಮಾಮೀಟರ್ ಕೈಯಲ್ಲೇ ಇರಲಿ, ಚೀಲ ಅಲುಗಾಡಿಸುತ್ತಾ ಇರಿ. ಜೊಳ್ಳು ತೆಗೆಯಲು ಉಪ್ಪು ನೀರಿನಲ್ಲಿ ತೇಲಿಸುವ ರೂಢಿ ನಮ್ಮಲ್ಲೂ ಇದೆಯಲ್ಲ, ಅದನ್ನು ಮೊದಲು ಮಾಡುವುದಾದರೆ ತೊಳೆದು ಒಂದು ಗಂಟೆಯೊಳಗೆ ಬಿಸಿ ನೀರಿಗೆ ಹಾಕಿ. ತಡವಾದರೆ ಬೀಜ ನೀರು ಕುಡಿದಿರುತ್ತದೆ, ಆಮೇಲೆ ಬಿಸಿ ತಡೆಯುವುದಿಲ್ಲ. ಎಲ್ಲ ತಳಿಗಳೂ ಒಂದೇ ಸಮ ತಾಳುವುದಿಲ್ಲ, ನೂರು ಕಾಳಿನಲ್ಲಿ ಪರೀಕ್ಷೆ ಮಾಡಿ ಮೊಳಕೆ ನೋಡಿಕೊಂಡೇ ಚೀಲಕ್ಕೆ ಕೈ ಹಾಕಿ.

ಬೀಜೋಪಚಾರ ಮಾಡಿದರೂ ಗಾಳಿಯಲ್ಲಿ ಬರುವ ಬೆಂಕಿ ರೋಗ ಬರುತ್ತದೆ, ಅದಕ್ಕೆ ತಳಿಯೇ ಗಟ್ಟಿ ಇರಬೇಕು. ನಿಗಾಟಾ ಪ್ರಾಂತ್ಯದ ಕೊಶಿಹಿಕಾರಿ ಅಕ್ಕಿ ರುಚಿಗೆ ಹೆಸರುವಾಸಿ, ಬೆಂಕಿ ರೋಗಕ್ಕೆ ಮಾತ್ರ ಬಹಳ ಬೇಗ ತುತ್ತಾಗುತ್ತಿತ್ತು. ಅಲ್ಲಿನವರು ಅದೇ ತಳಿಗೆ ಬೇರೆ ಬೇರೆ ನಿರೋಧಕ ಗುಣ ಸೇರಿಸಿದ ಹಲವು ಉಪತಳಿಗಳನ್ನು ಬೆಳೆಸಿ, ಬೀಜ ಬೆರೆಸಿ 2005ರಿಂದ ರೈತರಿಗೆ ಕೊಟ್ಟರು. ನಮ್ಮ ಬಿಪಿಟಿ 5204 ಭತ್ತದ ತಳಿಯ ಪಾಡೂ ಅದೇ, ರುಚಿ ಬೆಲೆ ಎರಡೂ ಇದೆ, ರೋಗವೂ ಇದೆ. ಪ್ರತಿ ವರ್ಷ ಬೆಂಕಿ ರೋಗ ಬರುವ ಗದ್ದೆಯಾದರೆ ಒಂದು ಭಾಗದಲ್ಲಿ ಆರ್‌ಎನ್‌ಆರ್ 15048 ತಳಿ ಹಾಕಿ ನೋಡಿ. ನಿಮ್ಮೂರಲ್ಲೇ ಕೃಷಿ ಸಂಶೋಧನಾ ಕೇಂದ್ರ ಇದೆ, ಗಂಗಾವತಿ ಸೋನಾ ತಳಿ ಬಗ್ಗೆಯೂ ಕೇಳಿ.

ಕಳೆನಾಶಕ ಹೊಡೆದರೂ ಕಳೆ ಸಾಯುತ್ತಿಲ್ಲ. ಕೂಲಿಯವರು ಸಿಗುತ್ತಿಲ್ಲ.
*ಓದುಗರು, ಸಿಂಧನೂರು*

ಒಂದೇ ಗುಂಪಿನ ಕಳೆನಾಶಕ ವರ್ಷಾನುಗಟ್ಟಲೆ ಹಾಕಿದರೆ ಹೀಗೆ ಆಗುತ್ತದೆ. ಜಪಾನಿನಲ್ಲಿ ಸಲ್ಫೋನಿಲ್ ಯೂರಿಯಾ ಗುಂಪಿನದ್ದನ್ನು ಎಲ್ಲರೂ ಬಳಸಿ, 1990ರ ದಶಕದಲ್ಲೇ ಅದಕ್ಕೆ ಸಾಯದ ಕಳೆಗಳು ಬಂದವು. ನಮ್ಮ ಬೆನ್‌ಸಲ್ಫ್ಯೂರಾನ್ ಅದೇ ಗುಂಪು. ಬಿಸ್ಪೈರಿಬ್ಯಾಕ್ ಹೆಸರು ಬೇರೆಯಾದರೂ ಕಳೆಯೊಳಗೆ ಹೊಡೆಯುವ ಜಾಗ ಅದೇ. ಎರಡನ್ನೂ ಬದಲಿಸಿ ಬದಲಿಸಿ ಹಾಕಿದ್ದೇನೆ ಅಂದರೆ ಬದಲಿಸಿದ ಹಾಗೆ ಆಗಲಿಲ್ಲ.

ಔಷಧಿ ಇಲ್ಲದೆ ಬೆಳೆಯುವ ಜಪಾನಿನ ರೈತರು ನಾಟಿಗೆ ಮುಂಚೆ ಎರಡು ಸಲ ಕೆಸರು ಮಾಡುತ್ತಾರೆ. ಮೊದಲ ಸಲ ಮಾಡಿ, ಸಮ ಮಾಡಿ, ತೆಳು ನೀರು ನಿಲ್ಲಿಸಿ ಕಳೆ ಬೀಜ ಮೊಳೆಯಲು ಬಿಡುತ್ತಾರೆ. ಎರಡು ಮೂರು ವಾರ ಬಿಟ್ಟು ಮೇಲ್ಮೇಲೆ ಮಾತ್ರ ಕೆಸರು ಮಾಡಿ ಅವನ್ನು ಮುಳುಗಿಸುತ್ತಾರೆ. ಎರಡನೇ ಸಲ ಆಳಕ್ಕೆ ಹೊಡೆದರೆ ಕೆಳಗಿನ ಬೀಜ ಮೇಲೆ ಬಂದು ಮಾಡಿದ್ದೆಲ್ಲ ವ್ಯರ್ಥ. ಕಾಲುವೆಗೆ ನೀರು ತಡವಾಗಿ ಬಿಟ್ಟ ವರ್ಷ ಇಷ್ಟು ದಿನ ಸಿಗುವುದಿಲ್ಲ ನಿಜ, ಬೋರ್‌ವೆಲ್ ಇರುವವರು ಮಾಡಬಹುದು. ಗದ್ದೆ ಸಮ ಇದ್ದರೆ ಅರ್ಧ ಕಳೆ ಅಲ್ಲೇ ಕಡಿಮೆ. ದಿಬ್ಬ ಕಂಡಲ್ಲೆಲ್ಲ ಕಳೆ ನಿಂತಿರುವುದನ್ನು ನೀವೇ ನೋಡಿರುತ್ತೀರಿ.

ಆಮೇಲೆ ಸಾಲು ನಾಟಿ. 1953ರ ಸುಮಾರಿಗೆ ಜಪಾನ್ ಪದ್ಧತಿ ಭತ್ತ ಎಂದು ನಮ್ಮ ದೇಶದಲ್ಲೆಲ್ಲ ಪ್ರಚಾರ ನಡೆಯಿತು, ತುಂಗಭದ್ರಾ ಕಾಲುವೆಗೆ ಮೊದಲು ನೀರು ಬಂದ ಕಾಲವೂ ಅದೇ. ಸಾಲಿನಲ್ಲಿ ನೆಟ್ಟು, ನಡುವೆ ತಳ್ಳುವ ಯಂತ್ರದಿಂದ ಕಳೆ ಹೂಳುವುದು ಅದರ ಜೀವಾಳ. ಯಂತ್ರದಿಂದ ನಾಟಿ ಮಾಡಿಸುವವರು ಈಗ ಮೋಟಾರ್ ಇರುವ ವೀಡರ್ ಬಾಡಿಗೆಗೆ ತಂದು ನಾಟಿಯಾದ 15 ದಿನಕ್ಕೆ ಒಂದು ಸಲ, ಅದಾಗಿ 10 ದಿನಕ್ಕೆ ಇನ್ನೊಂದು ಸಲ ಓಡಿಸಿ. ಬಾತುಕೋಳಿಯ ಕೆಲಸವನ್ನೇ ಮಾಡುವ, ಸೌರಶಕ್ತಿಯಲ್ಲಿ ತೇಲುತ್ತಾ ನೀರು ಕದಡುವ ರೋಬೋ ಕೂಡ ಜಪಾನಿನಲ್ಲಿ 2023ರಿಂದ ಮಾರಾಟಕ್ಕಿದೆ. ನಮ್ಮ ಸಣ್ಣ ರೈತರಿಗೆ ಅದು ಸದ್ಯಕ್ಕೆ ಕೈಗೆಟುಕುವ ಮಾತಲ್ಲ.

ಪಾಲಿಹೌಸಿನಲ್ಲಿ ಸೌತೆ ಹಾಕಿದ್ದೇನೆ. ಬೇರುಗಂಟು ಜಂತು, ಸೊರಗು ರೋಗ ಎರಡೂ ಇದೆ. ಮಣ್ಣು ಶುದ್ಧ ಮಾಡುವುದು ಹೇಗೆ?
*ಓದುಗರು, ಕುಷ್ಟಗಿ*

ಜಪಾನಿನಲ್ಲಿ ಇದಕ್ಕೆ ತೌಡು ಬಳಸುತ್ತಾರೆ. ಚದರ ಮೀಟರಿಗೆ 1 ಕೆಜಿ ಅಕ್ಕಿ ತೌಡನ್ನು ಮೇಲಿನ ಅರ್ಧ ಅಡಿ ಮಣ್ಣಿಗೆ ಕಲಸಿ, ಕಾಲಿಟ್ಟರೆ ಹೂತುಹೋಗುವಷ್ಟು ನೀರು ಕೊಟ್ಟು, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಪಾಲಿಹೌಸ್ ಮುಚ್ಚಿ ಮೂರು ವಾರ ಬಿಡುತ್ತಾರೆ. ಮಣ್ಣಿನ ಬಿಸಿ 30 ಡಿಗ್ರಿಗಿಂತ ಮೇಲಿರಬೇಕು, ನಮ್ಮ ಏಪ್ರಿಲ್-ಮೇ ತಿಂಗಳಲ್ಲಿ ಅದರ ಚಿಂತೆಯೇ ಇಲ್ಲ. ತೌಡು ಕೊಳೆಯುವಾಗ ಮಣ್ಣಿನ ಗಾಳಿಯೆಲ್ಲ ಖರ್ಚಾಗಿ ಜಂತು, ರೋಗದ ಶಿಲೀಂಧ್ರ ಉಸಿರಿಲ್ಲದೆ ಸಾಯುತ್ತವೆ. ಚರಂಡಿ ವಾಸನೆ ಬಂದರೆ ಸರಿಯಾಗಿ ನಡೆಯುತ್ತಿದೆ ಎಂದರ್ಥ. ಹೊದಿಕೆ ತೆಗೆದು ಒಂದು ವಾರ ಗಾಳಿಯಾಡಲು ಬಿಟ್ಟು ನಾಟಿ ಮಾಡಿ, ತೌಡು ಕಲಸಿದ ಆಳಕ್ಕಿಂತ ಕೆಳಗೆ ಉಳಬೇಡಿ. ಗಂಗಾವತಿ, ಕಾರಟಗಿ ರೈಸ್ ಮಿಲ್ಲುಗಳಿಂದ ತೌಡು ತರಬಹುದು. ದನಕ್ಕೂ ಎಣ್ಣೆ ಮಿಲ್ಲಿಗೂ ಬೇಕಾದದ್ದಾದ್ದರಿಂದ ಅಗ್ಗ ಇರುವುದಿಲ್ಲ, ಕಾಲು ಎಕರೆಗೆ 1 ಟನ್ ಬೇಕಾಗುತ್ತದೆ. ರೋಗ ಹೆಚ್ಚಿರುವ ಮಡಿಗಳಿಗಷ್ಟೇ ಮೊದಲು ಮಾಡಿ.

ಮಾವಿನ ಹಣ್ಣುನೊಣಕ್ಕೆ ಮೋಹಕ ಬಲೆ ಕಟ್ಟಿದ್ದೇನೆ. ಪಕ್ಕದ ತೋಟದವರು ಕಟ್ಟಿಲ್ಲ. ಪ್ರಯೋಜನ ಇದೆಯಾ?
*ಓದುಗರು, ಕೊಪ್ಪಳ*

ಸ್ವಲ್ಪ ಇದೆ. ನಿಮ್ಮ ಬಲೆಗೆ ಬೀಳುವುದು ಗಂಡು ನೊಣ ಮಾತ್ರ, ಪಕ್ಕದ ತೋಟದಲ್ಲಿ ಕೂಡಿ ಬಂದ ಹೆಣ್ಣು ನಿಮ್ಮ ಹಣ್ಣಿಗೆ ಮೊಟ್ಟೆ ಇಟ್ಟೇ ಇಡುತ್ತದೆ. ಒಕಿನಾವಾ ದ್ವೀಪಗಳಲ್ಲಿ ಇಂಥ ಬಲೆಯಲ್ಲಿ ಗಂಡು ನೊಣ ಸೆಳೆಯಲು ಇಡುವ ಮಿಥೈಲ್ ಯೂಜಿನಾಲನ್ನೇ ಬಳಸಿ 1986ರಲ್ಲಿ ಮಾವಿನ ಹಣ್ಣುನೊಣದ ಜಾತಿಯನ್ನೇ ಇಲ್ಲವಾಗಿಸಿದರು. ಅವರು ದ್ವೀಪಕ್ಕೆ ದ್ವೀಪವೇ, ಒಂದು ಮೂಲೆ ಬಿಡದೆ ಹಾಕಿದರು. ಸುತ್ತ ಸಮುದ್ರ ಇದ್ದದ್ದರಿಂದ ಹೊರಗಿನಿಂದ ನೊಣ ಸುಲಭವಾಗಿ ಬರಲೂ ಇಲ್ಲ. ನಮಗೆ ಅಷ್ಟು ಆಗುವುದಿಲ್ಲ. ಆದರೆ ಅಕ್ಕಪಕ್ಕದ ಏಳೆಂಟು ತೋಟದವರು ಸೇರಿದರೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಕಾಯಿ ಗೋಲಿಗಿಂತ ದೊಡ್ಡದಾಗುವ ಹೊತ್ತಿಗೆ ಬಲೆ ಕಟ್ಟಿ ಮುಗಿಸಿ, ಬಿದ್ದ ಹಣ್ಣನ್ನು ಬದುವಿನ ಮೇಲೆ ಎಸೆಯದೆ ಎರಡಡಿ ಗುಂಡಿ ತೆಗೆದು ಮುಚ್ಚಿ. ಪಕ್ಕದ ತೋಟದವರಿಗೆ ನಿಮ್ಮ ಬಲೆಯೊಳಗೆ ಬಿದ್ದ ನೊಣಗಳನ್ನು ಒಂದು ಸಲ ತೋರಿಸಿ, ಬೆಲೆಯನ್ನೂ ಹೇಳಿ.